ಮುಂದಿನ ಚೀಲ

ದೋಣಿಯ ಹಿಂಬದಿಯ ಎರಡು ಚೀಲಗಳಿಗೆ ನೀರು ತುಂಬಿಸಿದ ದೊಡ್ಡ ಸೊಸೆ, ಮೂತಿಯಲ್ಲಿರುವ ಮುಂದಿನ ಚೀಲದ ಸರದಿ ಬಂದಾಗ ಪಂಪ್ ಆಫ್ ಮಾಡಿಬಿಟ್ಟಳು. ಏನೂ ಆಗಿಲ್ಲವೆಂಬ ಹಾಗೆ ಕೈ ಒರೆಸಿಕೊಂಡು, "ಆಯ್ತು ಮಾವ, ಹೊರಡಬಹುದು" ಎಂದಳು.

ಸ್ಟೀರಿಂಗ್ ಹಿಡಿದು ಕೂತಿದ್ದ ಮಾವ ಹಿಂತಿರುಗಿಯೂ ನೋಡಲಿಲ್ಲ. ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟವನ್ನು ಕಲಿಸುವುದೇ ಆ ಮನೆಯವರ ಕಸುಬು. ಅಲೆ ತಾನಾಗಿ ಏಳುವುದಿಲ್ಲ, ದೋಣಿಗೆ ನೀರಿನ ಭಾರ ಹೇರಿ ಎಬ್ಬಿಸಬೇಕು. ಹಿಂದಿನ ಮೂಲೆಯಲ್ಲಿ ಭಾರವಿದ್ದರೆ ಅಲೆ ಎತ್ತರಕ್ಕೆ ಏಳುತ್ತದೆ. ಮೂತಿಯ ಕಡೆಯೂ ಭಾರವಿದ್ದರೆ ಉದ್ದಕ್ಕೆ ಚಾಚಿಕೊಂಡು ಸವಾರರಿಗೆ ಜಾಗ ಕೊಡುತ್ತದೆ. ಮುಂದಿನದು ಖಾಲಿಯಿದ್ದರೆ ದಡದಲ್ಲಿ ನಿಂತವರ ಕಣ್ಣಿಗೆ ಭರ್ಜರಿ ಅಲೆ, ಹಲಗೆಯ ಮೇಲೆ ನಿಂತವರಿಗೆ ಮಾತ್ರ ಕಡಿದಾದ ಮೋಟು ಗೋಡೆ. ದೊಡ್ಡ ಸೊಸೆಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಆರು ವರ್ಷದಿಂದ ಚೀಲ ತುಂಬಿಸುವವಳೂ ಅವಳೇ, ಬಂದವರಿಗೆ ಆಟ ಕಲಿಸುವವಳೂ ಅವಳೇ.

ಕಲಿಸುತ್ತಿದ್ದದ್ದು ನಿನ್ನೆಯವರೆಗೆ. ಇವತ್ತು ಬೆಳಗ್ಗೆ ತಿಂಡಿಗೆ ಕೂತಾಗ ಮಾವ, ಈ ಸಲದ ಹೊಸ ತಂಡವನ್ನು ಚಿಕ್ಕವಳೇ ನೋಡಿಕೊಳ್ಳಲಿ, ಅವಳು ಅಲೆಯ ಮೇಲೆ ನಿಲ್ಲುವ ಚೆಂದ ನೋಡಿಯೇ ಇನ್ನೂ ನಾಲ್ಕು ಜನ ಸೇರುತ್ತಾರೆ ಎಂದಿದ್ದರು. ನೀನು ಚೀಲ ನೋಡಿಕೊಂಡರೆ ಸಾಕು, ಆ ಕೆಲಸದಲ್ಲಿ ನಿನ್ನ ಕೈ ಇನ್ಯಾರಿಗೂ ಬರುವುದಿಲ್ಲ ಎಂದು ಹೊಗಳಿಕೆ ಬೇರೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಓರಗಿತ್ತಿ ತಲೆ ತಗ್ಗಿಸಿ, ನನಗೆ ಕಲಿಸಿದ್ದೇ ಅಕ್ಕ ಎಂದಿದ್ದಳು. ಆ ವಿನಯವೇ ದೊಡ್ಡವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಜಂಬ ಕೊಚ್ಚಿಕೊಂಡಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಸಾಲದ್ದಕ್ಕೆ, ಎರಡನೇ ಹೆರಿಗೆಯ ನಂತರ ತನಗೆ ಬಿಗಿಯಾಯಿತೆಂದು ತಾನೇ ಕೊಟ್ಟ ಈಜುಡುಗೆ ಆ ಹುಡುಗಿಯ ಮೈಮೇಲೆ ಅವಳಿಗೇ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು.

ದಡದ ಕಟ್ಟೆಯ ಮೇಲೆ ಹೊಸ ತಂಡದ ಎಂಟು ಜನ ಫೋನ್ ಹಿಡಿದು ಸಾಲಾಗಿ ನಿಂತಿದ್ದರು. ಚಿಕ್ಕವಳು ನೀರಿಗಿಳಿದು, ಹಗ್ಗ ಹಿಡಿದು, ದೋಣಿ ಎಳೆದ ಕೂಡಲೇ ಸಲೀಸಾಗಿ ಎದ್ದು ನಿಂತಳು. ಇನ್ನು ಅಲೆಯ ಬಲದಲ್ಲೇ ಜಾರಬೇಕೆಂದು ಹಗ್ಗ ಬಿಟ್ಟಳು. ಮರುಕ್ಷಣ ಹಲಗೆಯ ತುದಿ ನೀರಿಗೆ ನುಗ್ಗಿ ಅವಳು ಮಕಾಡೆ ಬಿದ್ದಳು. ಎರಡನೇ ಸಲವೂ ಅದೇ ಕಥೆ. ಕಟ್ಟೆಯ ಮೇಲಿಂದ ಕಿಸಕಿಸ ನಗು ಕೇಳಿಸಿತು. ದೊಡ್ಡವಳಿಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಈಗ ಸರಾಗವಾಯಿತು.

"ಮೂತಿ ಸ್ವಲ್ಪ ಎತ್ತಿದ ಹಾಗಿದೆಯಲ್ಲಮ್ಮಾ," ಮಾವ ಕೇಳಿದರು. "ಮುಂದಿನ ಚೀಲ ತುಂಬಿಸಿದ್ದೀಯ ತಾನೇ?"

"ತುಂಬಿಸಿದ್ದೀನಿ ಮಾವ."

ಆರು ವರ್ಷದಲ್ಲಿ ಒಮ್ಮೆಯೂ ತಪ್ಪದ ಕೈ. ಎದ್ದು ನೋಡಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ. ಬದಲಿಗೆ ಚಿಕ್ಕವಳನ್ನು ತರಾಟೆಗೆ ತೆಗೆದುಕೊಂಡರು. ನಿನಗೆ ಅವಸರ ಜಾಸ್ತಿ, ಇನ್ನೊಂದು ವರ್ಷ ನೋಡಿ ಕಲಿ, ಈ ತಂಡಕ್ಕೂ ದೊಡ್ಡವಳೇ ಕಲಿಸಲಿ ಎಂದು ತೀರ್ಪು ಕೊಟ್ಟರು. ದೊಡ್ಡವಳು ನಗು ಹೊರಬೀಳದಂತೆ ತುಟಿ ಕಚ್ಚಿಕೊಂಡಳು.

ನಡುಗುತ್ತಾ ದೋಣಿ ಹತ್ತಿದ ಚಿಕ್ಕವಳು ಟವೆಲ್ ಸುತ್ತಿಕೊಂಡು ಮೂತಿಯ ಸೀಟಿನ ಮೇಲೆ ಕೂತಳು. ಮುಂದಿನ ಚೀಲ ಇರುವುದು ಅದರ ಮೆತ್ತೆಯ ಅಡಿಯಲ್ಲೇ. ನೀರು ತುಂಬಿದ್ದರೆ ಮೆತ್ತೆ ಉಬ್ಬಿ ಗಟ್ಟಿಯಾಗಿರಬೇಕು. ಅವಳು ಕೂತ ಕೂಡಲೇ ಅದು ಒಳಗೆ ಕುಸಿಯಿತು. ಅಂಗೈಯಿಂದ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಮೆಲ್ಲನೆ ತಲೆಯೆತ್ತಿ ಓರಗಿತ್ತಿಯ ಮುಖ ನೋಡಿದಳು. ಇನ್ನೇನು ಬಾಯಿ ಬಿಡುತ್ತಾಳೆ, ಆರು ವರ್ಷದ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಎಂದು ದೊಡ್ಡವಳು ಕಾದಳು.

"ಅಕ್ಕಾ, ಒಂದು ಸಲ ನೀವೇ ನಿಂತು ತೋರಿಸಿ," ಎಂದಳು ಚಿಕ್ಕವಳು. "ನಾನೆಲ್ಲಿ ತಪ್ಪಿದೆ ಅಂತ ನೋಡಿ ತಿಳ್ಕೊಳ್ತೀನಿ."

ಮಾವನಿಗೆ ಈ ಮಾತು ತುಂಬ ಹಿಡಿಸಿತು. ಹೊಸಬರೂ ನೋಡಲಿ ಎಂದು ಕಟ್ಟೆಯ ಕಡೆ ಕೈ ಬೀಸಿದರು. ದೊಡ್ಡವಳು ಮಂಡಿನೋವು ಎಂದಳು, ಸುಸ್ತಾಗಿದೆ ಎಂದಳು, ನಾಳೆ ನೋಡೋಣ ಎಂದಳು. ಯಾವುದೂ ನಡೆಯಲಿಲ್ಲ. ಐದೇ ನಿಮಿಷದಲ್ಲಿ ಅವಳು ಕುತ್ತಿಗೆಯವರೆಗೆ ನೀರಿನಲ್ಲಿದ್ದಳು. ಈ ಅಲೆಯ ಮೇಲೆ ತಾನೂ ನಿಲ್ಲಲಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಚೀಲ ತುಂಬಿಸಿ ಎಂದು ಕೇಳೋಣವೆಂದರೆ, ತುಂಬಿಸಿದ್ದೀನಿ ಎಂದು ಹೇಳಿದವಳೂ ಅವಳೇ.

ಹಗ್ಗ ಬಿಡಿಸುವ ನೆಪ ಮಾಡಿಕೊಂಡು ಚಿಕ್ಕವಳು ದೋಣಿಯ ಹಿಂದಿನ ಅಂಚಿಗೆ ಬಂದು ಬಗ್ಗಿದಳು. ಅವಳ ಒಂದು ಕೈ ಪಂಪಿನ ಸ್ವಿಚ್ಚಿನ ಮೇಲಿತ್ತು.

"ಐದು ನಿಮಿಷ ಸಾಕು ಅಕ್ಕಾ," ಎಂದಳು ಪಿಸುದನಿಯಲ್ಲಿ. "ಮಾವನಿಗೆ ನಾನು ಏನಾದ್ರೂ ಹೇಳ್ತೀನಿ. ತುಂಬಿಸಲಾ?"

ದೊಡ್ಡವಳು ಆ ಮುಖದಲ್ಲಿ ವ್ಯಂಗ್ಯಕ್ಕಾಗಿ ಹುಡುಕಿದಳು, ಗೆದ್ದ ಗರ್ವಕ್ಕಾಗಿ ಹುಡುಕಿದಳು. ಒಂದಿಷ್ಟಾದರೂ ಸಿಕ್ಕಿದ್ದರೆ ಹೂಂ ಎನ್ನುತ್ತಿದ್ದಳೋ ಏನೋ. ಅಲ್ಲಿ ಅಕ್ಕರೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಬೇಡ, ನೀನು ಬಿದ್ದ ಅಲೆಯೇ ನನಗೂ ಇರಲಿ," ಎಂದಳು. ಹಗ್ಗವನ್ನು ಬಿಗಿಯಾಗಿ ಹಿಡಿದು, ಕಟ್ಟೆಯವರೆಗೂ ಕೇಳುವಂತೆ ಕೂಗಿದಳು: "ಹೊರಡಿ ಮಾವ."