ಹೂವಿಲ್ಲದ ಕೊಂಬು

ಬೇಸಿಗೆಯ ಮೇವು ಮುಗಿಸಿ ಬೆಟ್ಟದಿಂದ ಇಳಿಯುತ್ತಿದ್ದ ತನ್ನ ಮನೆಯ ಹಸುಗಳ ಕೊಂಬಿನಲ್ಲಿ ಹೂವಿಲ್ಲದ್ದನ್ನು ಕಂಡು ಜಿಟಾಳ ಮೈ ಉರಿದುಹೋಯಿತು. ಆಲ್ಪ್ಸ್ ಬೆಟ್ಟಸೀಮೆ ಟಿರೋಲಿನ ಆ ಹಳ್ಳಿಯಲ್ಲಿ ಹಸುಗಳು ಹೂ ಮುಡಿದೇ ಇಳಿಯುವುದು ರೂಢಿ; ಬೋಳು ಕೊಂಬೆಂದರೆ ಸಾವಾಗಿದೆಯೆಂದೇ ಅರ್ಥ. ಬೇಲಿಯುದ್ದಕ್ಕೂ ನಿಂತಿದ್ದ ಊರವರು ಆಗಲೇ ಸಾವಿನ ಗೌರವಕ್ಕೆ ಟೋಪಿ ತೆಗೆದಿದ್ದರು. ಮುಂದಾಳು ಹಸುವಿಗೆಂದು ಅವಳು ಕಟ್ಟಿದ್ದ ಹೂಕಿರೀಟ ಕೈಯಲ್ಲೇ ಉಳಿಯಿತು.

"ಯಾವುದನ್ನ ಕಮರಿಗೆ ಬೀಳಿಸ್ದೆ ಮಹಾರಾಯಾ? ಮೇಲೆ ಬರೀ ನಿದ್ದೆ ಹೊಡೀತಿದ್ಯಾ?" ಎಂದು ಹಸುಗಳನ್ನು ಮೇಯಿಸಿ ಕರೆತಂದ ಮೈದುನ ವಿಗಿಲ್‌ನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡಳು.

ವಿಗಿಲ್ ಕೋಲೂರಿ ನಿಂತ. "ಹಸು ಎಲ್ಲಾ ಇದಾವೆ ಅತ್ತಿಗೆ," ಎಂದ ಮೆಲ್ಲಗೆ. "ಅಮ್ಮ ಇಲ್ವಲ್ಲ."

ಅದೇ ಬೇಸಿಗೆಯ ಹುಲ್ಲು ಕೊಯ್ಲಿನ ಹೊತ್ತಿಗೆ ಅತ್ತೆಯನ್ನು ಮಣ್ಣು ಮಾಡಿದ್ದರು. ಊರವರು ಟೋಪಿ ತೆಗೆದದ್ದು ಯಾರಿಗೆಂದು ಜಿಟಾಳಿಗೆ ಈಗ ಹೊಳೆಯಿತು. ಕಿರೀಟವನ್ನು ಶಾಲಿನೊಳಗೆ ಮುಚ್ಚಿಕೊಳ್ಳಲು ನೋಡಿದಳು. ಹಸುವಿನ ತಲೆಯ ಅಳತೆಗೆ ಕಟ್ಟಿದ್ದು, ಶಾಲಿನಲ್ಲಿ ಎಲ್ಲಿ ಅಡಗೀತು?