ಕಂಚಿನ ಪುಡಿ

“ಎಂಟನೇ ಕ್ಲಾಸೂ ದಾಟದವನ ಕೈಗೆ ಅರ ಕೊಟ್ರೆ ಇನ್ನೇನಾಗುತ್ತೆ ಹೇಳಿ?” ಎಂದ ಶ್ರೀಹರ್ಷ. ಈಸ್ಟ್ ಬ್ರನ್ಸ್‌ವಿಕ್‌ನ ಹಾಲ್‌ನಲ್ಲಿ ಯುಗಾದಿ ಕಾರ್ಯಕ್ರಮದ ರಿಹರ್ಸಲ್‌ಗೆ ಸೇರಿದ್ದ ಮೂವತ್ತು ಜನ ತಿರುಗಿ ನೋಡಿದರು. ಸೀತೆಯಾಗಬೇಕಿದ್ದ ಹುಡುಗಿ ಚಿಪ್ಸ್ ಅಗಿಯುವುದನ್ನು ನಿಲ್ಲಿಸಿ ನೋಡಿದಳು. ಶೀನ ಅಲ್ಲೇ, ಕಂಚಿನ ವಾದ್ಯಗಳ ಪಕ್ಕದಲ್ಲಿ, ಬರಿಗಾಲಲ್ಲಿ ನಿಂತಿದ್ದ.

ವಾದ್ಯಗಳು ಸುಗೆಂಗ್ ಎಂಬ ಜಾವಾದ ಮುದುಕರವು. ಗ್ಯಾಮೆಲಾನ್ ಎನ್ನುತ್ತಾರೆ: ಸಾಲಾಗಿ ಜೋಡಿಸಿದ ಕಂಚಿನ ಪಟ್ಟಿಗಳು, ಕವುಚಿಟ್ಟ ಮಡಕೆಯಂಥ ಬಟ್ಟಲುಗಳು, ಹಿಂದೆ ಆಳೆತ್ತರದ ಚೌಕಟ್ಟಿನಲ್ಲಿ ತೂಗುವ ದೊಡ್ಡ ಗಾಂಗ್. ಅವರ ಕಡೆಯೂ ರಾಮಾಯಣವನ್ನು ಇದರ ಜೊತೆಗೇ ಆಡುತ್ತಾರಂತೆ. ಸೀತಾಪಹರಣದ ನೃತ್ಯಕ್ಕೆ ಇರಲಿ ಎಂದು ಕಾರ್ಯಕ್ರಮ ನಡೆಸುತ್ತಿದ್ದ ಶ್ರೀಹರ್ಷನೇ ಫೋರ್ಟ್ ಲೀಯ ಅವರ ಮನೆಗೆ ಹೋಗಿ, ಕೈಕಾಲು ಹಿಡಿದು, ಒಂದು ತಿಂಗಳ ಮಟ್ಟಿಗೆ ಕೇಳಿ ತಂದಿದ್ದ. ಟ್ರಕ್ಕಿನಲ್ಲಿ ಹೇರಿಕೊಂಡು ಬಂದವನು ಶೀನ, ಸೀಕಾಕಸ್‌ನ ವೇರ್‌ಹೌಸಿನಲ್ಲಿ ದುಡಿಯುವವನು. ಸುಗೆಂಗ್ ಅವನಿಗೆ ಹೇಳಿದ್ದು ಎರಡೇ ಮಾತು: ಶೂ ಬಿಟ್ಟು ಮುಟ್ಟು, ಯಾವುದನ್ನೂ ದಾಟಬೇಡ. ಶೀನನಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಅವನ ಅಜ್ಜ ಕಾರ್ಕಳದಲ್ಲಿ ದೇವಸ್ಥಾನದ ಗಂಟೆಗಳ ಎರಕ ಹೊಯ್ಯುತ್ತಿದ್ದವರು. ಆ ಮನೆಯಲ್ಲಿ ಕಂಚು ದಾಟಿದರೆ ಬೆನ್ನಿಗೆ ಬೀಳುತ್ತಿತ್ತು. ಅದನ್ನು ಕೇಳಿ ಮುದುಕರು ನಕ್ಕು, ಗುರುವಾರ ಗಾಂಗ್‌ಗೆ ಹೂವಿಡುವುದನ್ನು ಅವನಿಗೇ ಬಿಟ್ಟರು. ಗಾಂಗ್ ಹೊಡೆಯುವುದನ್ನೂ ಅವನಿಗೇ. ಈ ದೇಶಕ್ಕೆ ಬಂದ ಮೇಲೆ ಶೀನನನ್ನು ಒಬ್ಬರು ನಂಬಿ ಏನಾದರೂ ಕೊಟ್ಟದ್ದು ಅದೇ ಮೊದಲು.

ಆಮೇಲೆ ಹಾಡುವ ಸಿಂಧು ತಕರಾರು ತೆಗೆದಳು. ಅವಳ ಶ್ರುತಿಪೆಟ್ಟಿಗೆಗೆ ಆ ಕಂಚು ಸೇರುತ್ತಲೇ ಇರಲಿಲ್ಲ. ಸ್ವರದ ಮೇಲೆ ನಿಲ್ಲದೆ ಸ್ವರದ ಪಕ್ಕದಲ್ಲಿ ಹೋಗಿ ನಿಲ್ಲುತ್ತಿತ್ತು. ಶ್ರೀಹರ್ಷ ಫೋನಿನ ಆ್ಯಪ್ ಹಿಡಿದು ಒಂದೊಂದೇ ಪಟ್ಟಿ ಅಳೆದ. ಹದಿನಾಲ್ಕಕ್ಕೆ ಹದಿನಾಲ್ಕೂ ಕೆಂಪು. ವಾದ್ಯ ಹಳತಾಗಿ ಶ್ರುತಿ ಹೋಗಿದೆ ಎಂದು ತೀರ್ಮಾನವಾಯಿತು. ಗರಾಜಿನಲ್ಲಿ ಇಬ್ಬರೇ ಇದ್ದಾಗ ಶ್ರೀಹರ್ಷ ಶೀನನ ಹೆಗಲ ಮೇಲೆ ಕೈಹಾಕಿ, ಪಟ್ಟಿ ಉಜ್ಜಿ ಶ್ರುತಿಗೆ ತರುವ ಕೆಲಸಕ್ಕೆ ನಮ್ಮ ಇಂಜಿನಿಯರುಗಳೆಲ್ಲ ದಂಡ, ನೀನೇ ಸರಿ ಎಂದ.

“ಒಮ್ಮೆ ಅವರತ್ರ ಕೇಳುವ ಅಲ್ವಾ ಸರ್?” ಎಂದಿದ್ದ ಶೀನ.

“ಸರ್‌ಪ್ರೈಸ್ ಕೊಡೋಣ ಕಣೋ. ಎಂಬತ್ತು ವರ್ಷ ಆಯ್ತು, ಕಿವಿ ಹೋಗಿದೆ ಪಾಪ. ಅವರಿಗೆ ಗೊತ್ತೇ ಆಗಿಲ್ಲ.”

ಎರಡು ಭಾನುವಾರ ಶೀನ ಅರ ಹಾಕಿದ. ಸ್ವರ ಏರಬೇಕಾದರೆ ತುದಿ ಸವೆಸಬೇಕು, ಇಳಿಯಬೇಕಾದರೆ ನಡುಹೊಟ್ಟೆ. ಆ್ಯಪ್ ಹಸಿರಾದಾಗಲೆಲ್ಲ ಶ್ರೀಹರ್ಷ ಭೇಷ್ ಎನ್ನುತ್ತಿದ್ದ. ಓದಿದವನೊಬ್ಬ ಭೇಷ್ ಎಂದರೆ ಕೈ ತಾನಾಗಿ ಓಡುತ್ತದೆ. ಉದುರಿದ ಪುಡಿಯನ್ನು ಮಾತ್ರ ಶೀನ ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ. ಕಂಚಿನ ಪುಡಿಯನ್ನು ಗುಡಿಸಿ ಎಸೆಯುವ ಪದ್ಧತಿ ಅವರ ಮನೆಯಲ್ಲಿಲ್ಲ.

ಇವತ್ತು ಸುಗೆಂಗ್ ಬಂದರು. ಶೂ ಬಿಟ್ಟು, ಗಾಂಗ್‌ನ ಅಂಚನ್ನು ಮುಟ್ಟಿ, ಕೂತು, ಮರದ ಸುತ್ತಿಗೆಯಿಂದ ಒಂದು ಪಟ್ಟಿ ತಟ್ಟಿದರು. ಇನ್ನೊಂದು. ಮತ್ತೆ ಮೊದಲನೆಯದು. ಬಾಗಿಲು ಬಡಿದದ್ದು ಮನೆಯವರೆಂದು ತೆರೆದರೆ ಗುರುತಿಲ್ಲದವನು ನಿಂತಿದ್ದ ಹಾಗಾಯಿತು ಅವರ ಮುಖ. ಪಟ್ಟಿಯನ್ನು ಎತ್ತಿ ಮಗುಚಿ, ಅಡಿಯ ಹೊಸ ಹೊಳಪನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ನಮ್ಮಲ್ಲಿ ಎರಡು ಊರಿನ ವಾದ್ಯಗಳಿಗೆ ಒಂದೇ ಶ್ರುತಿ ಇರುವುದಿಲ್ಲ. ಮಾಡಿದವನು ಆ ಊರಿಗೆಂದೇ ಕಟ್ಟಿಕೊಟ್ಟ ದನಿ ಅದು. ಚಿಕ್ಕಂದಿನಲ್ಲಿ ಗದ್ದೆಯಾಚೆಯಿಂದ ಕೇಳಿದರೂ ಇದು ನಮ್ಮದು ಎಂದು ಗೊತ್ತಾಗುತ್ತಿತ್ತು. ಆ ಊರು ಅಣೆಕಟ್ಟಿನ ನೀರಿನಡಿ ಹೋಗಿ ಎಷ್ಟೋ ವರ್ಷವಾಯಿತು. ಉಳಿದದ್ದು ದನಿ ಒಂದೇ.

ಮೂಲೆಯಲ್ಲಿ ಸಿಂಧುವಿನ ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಆಗ ಬಂದದ್ದು ಶ್ರೀಹರ್ಷನ ಎಂಟನೇ ಕ್ಲಾಸಿನ ಮಾತು. ಮುದುಕರಿಗೂ ಅರ್ಥವಾಗಲೆಂದು, ಶೀನನ ಕಡೆ ಬೆರಳು ಮಾಡಿ, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ.

ಸುಗೆಂಗ್ ಶ್ರೀಹರ್ಷನನ್ನು ನೋಡಲಿಲ್ಲ. “ನೀನಾಗಿ ಮಾಡಿದೆಯಾ, ಯಾರಾದರೂ ಮಾಡಿಸಿದರಾ?” ಎಂದು ಶೀನನನ್ನೇ ಕೇಳಿದರು.

ಶ್ರೀಹರ್ಷ ಫೋನ್ ನೋಡುತ್ತಿದ್ದ. ಅದೇ ಫೋನ್. ಅದನ್ನು ಕಿತ್ತುಕೊಂಡು ಅವನ ಹಲ್ಲಿಗೇ ಕುಟ್ಟಬೇಕೆನಿಸಿತು ಶೀನನಿಗೆ. ಹೆಸರು ನಾಲಗೆಯ ತುದಿಗೆ ಬಂದಿತ್ತು. ಆದರೆ ಅರ ಹಿಡಿದ ಕೈ ಯಾರದು? ಒಂದು ಗಂಟೆಯ ದನಿ ಇನ್ನೊಂದಕ್ಕಿರಬಾರದು ಎಂದು ಅಜ್ಜನ ಬಾಯಲ್ಲಿ ಕೇಳಿ ಬೆಳೆದವನು, ಹಸಿರು ದೀಪ ನೋಡಿ ನಂಬಿದ್ದ.

ಜೇಬಿನಿಂದ ಪೊಟ್ಟಣ ತೆಗೆದು ಮುದುಕರ ಮುಂದಿಟ್ಟ. ವಾದ್ಯಗಳ ಸಾಲನ್ನು ದಾಟದೆ, ಪೂರ್ತಿ ಬಳಸಿಕೊಂಡು, ಬಾಗಿಲಿನತ್ತ ನಡೆದ. ಹಿಂದೆ ಸುಗೆಂಗ್ ಇನ್ನೊಮ್ಮೆ ಪಟ್ಟಿ ತಟ್ಟಿದರು. ಶ್ರುತಿಪೆಟ್ಟಿಗೆಯ ಗುಂಯ್‌ನೊಳಗೆ ಆ ದನಿ, ಕೂದಲೆಳೆಯಷ್ಟೂ ಬೇರೆಯಾಗಿ ಉಳಿಯದೆ, ಕರಗಿಹೋಯಿತು.