ಗೇಟು ದಾಟದವಳು

ಮಾರ್ಸಲಿ ಗೇಟಿನ ಹೊರಗೇ ನಿಂತು, ಮೊಮ್ಮಗನಿಗೆ ಒಂದು ಲೋಟ ಹಾಲು ಬೇಕಿತ್ತೆಂದು ಕೂಗಿದಳು. ಗೇಟಿನ ಮೇಲೆ ಬಾಗಿದ್ದ ರೋವನ್ ಮರದ ನೆರಳಿಗೂ ಕಾಲಿಡಲಿಲ್ಲ. ಕಿಟಕಿಯಿಂದ ಇಣುಕಿದ ಶೋನಾಗ್‌ಗೆ ಅಷ್ಟೇ ಸಾಕಾಯಿತು.

ವಾರದಿಂದ ಎಷ್ಟು ಕಡೆದರೂ ಅವಳ ಮನೆಯಲ್ಲಿ ಬೆಣ್ಣೆ ಕಟ್ಟುತ್ತಿರಲಿಲ್ಲ. ಹಸುವಿಗೆ ಯಾರದೋ ಕಣ್ಣು ತಾಗಿದೆಯೆಂದು ಅತ್ತೆ ಎರಡು ರೋವನ್ ಕಡ್ಡಿಗಳನ್ನು ಕೆಂಪು ದಾರದಲ್ಲಿ ಶಿಲುಬೆಯಾಗಿ ಬಿಗಿದು ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದ್ದಳು. ಯಾರ ಕಣ್ಣು ಅನ್ನುವುದೊಂದು ಉಳಿದಿತ್ತು. ಮಾಟಗಾತಿ ರೋವನ್ ಮರದ ಕೆಳಗೆ ಹಾಯಲಾರಳು ಅನ್ನುವುದು ಆ ಕಣಿವೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ನೋಡಿದ್ಯಾ, ಮರ ಅವಳನ್ನ ತಡೀತು," ಅತ್ತೆ ಪಿಸುಗುಟ್ಟಿದಳು. "ಒಂದು ಹನಿ ಕೊಟ್ರೂ ಹಸುವಿನ ಭಾಗ್ಯನೇ ಅವಳ ಹಿಂದೆ ಹೋಗುತ್ತೆ."

ಶೋನಾಗ್ ಅಗುಳಿ ಹಾಕಿದಳು. ಇಷ್ಟು ವರ್ಷ ಅದೇ ಮರದ ಕೆಳಗೆ ಹಾದು ಬಂದು ಒಲೆ ಮುಂದೆ ಕೂರುತ್ತಿದ್ದವಳು, ತನ್ನ ಹೆರಿಗೆ ಮಾಡಿಸಿದವಳು ಇವಳೇ ಅಲ್ಲವೆ ಅನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಬುದ್ಧಿಗೆ ಮಂಕು ಕವಿಯಲು ಮಾಟವೇ ಬೇಕೇ? ಮಾರ್ಸಲಿ ಇನ್ನೂ ಎರಡು ಸಲ ಕೂಗಿ, ಖಾಲಿ ಚೊಂಬು ಹಿಡಿದು ವಾಪಸು ಹೋದಳು. ಆಗ ಊರಲ್ಲಿ ಹಾಲು ಕರೆಯುವ ಹಸು ಬೇರೊಂದಿರಲಿಲ್ಲ.

ಸಂಜೆ ಕುರಿ ಹೊಡೆದುಕೊಂಡು ಬಂದ ಗಂಡ ಟೋರ್ಮೊಡ್ ಸುದ್ದಿ ತಂದ. ಮಾರ್ಸಲಿಯ ಮೊಮ್ಮಗನಿಗೆ ನಾಯಿಕೆಮ್ಮು. ಹಾಲು ಬಿಟ್ಟರೆ ಏನೂ ದಕ್ಕುತ್ತಿಲ್ಲ. ತನ್ನಿಂದ ಎಳೆಗೂಸಿಗೆ ಅಂಟೀತೆಂದು ಮುದುಕಿ ಮಕ್ಕಳಿರುವ ಮನೆಯ ಅಂಗಳವನ್ನೂ ತುಳಿಯುತ್ತಿಲ್ಲವಂತೆ.

ತೊಟ್ಟಿಲಲ್ಲಿ ಶೋನಾಗ್‌ಳ ಹಸುಗೂಸು ನಿದ್ದೆಹೋಗಿತ್ತು. ಅವಳಿಗೆ ಗಂಡನ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಅತ್ತೆ ಬೆಂಕಿ ಕೆದಕುತ್ತ ಕೂತಳು. ಕರೆದ ಹಾಲನ್ನೆಲ್ಲ ಬಕೆಟ್ಟಿಗೆ ಸುರಿದುಕೊಂಡು ಶೋನಾಗ್ ಓಡಿದಳು.

ಬಾಗಿಲಿಗೆ ಬಂದ ಮಾರ್ಸಲಿ ದೂರದಿಂದಲೇ ಕೈ ಅಡ್ಡ ಮಾಡಿದಳು. "ಅಲ್ಲೇ ನಿಲ್ಲವ್ವ, ಹತ್ರ ಬರಬೇಡ. ಆ ಕಲ್ಲಿನ ಮೇಲಿಟ್ಟು ಹೋಗು, ನಿನ್ನ ಕೂಸು ಕಾಯ್ತಿರುತ್ತೆ."

ತಪ್ಪಾಯಿತು ಅನ್ನಲು ಶೋನಾಗ್ ಬಾಯಿ ತೆರೆದಳು. ಬಕೆಟ್ಟನ್ನು ಕಲ್ಲಿನ ಮೇಲಿಟ್ಟಳು.

"ಬೆಳಿಗ್ಗೆ ಕೂಗಿದ್ದೆ," ಅಂದಳು ಮಾರ್ಸಲಿ. "ಗಾಳಿ ಜೋರಿತ್ತಲ್ಲ, ನಿಂಗೆ ಕೇಳಿಸಿರಲ್ಲ ಬಿಡು."

"ಹೌದು ದೊಡ್ಡಮ್ಮ," ಅಂದಳು ಶೋನಾಗ್, "ಕೇಳಿಸ್ಲಿಲ್ಲ."

ಬೆಳಿಗ್ಗೆ ಆ ಕಣಿವೆಯಲ್ಲಿ ಒಂದು ಎಲೆಯೂ ಅಲುಗಿರಲಿಲ್ಲ.